ಹುಹ್-7 ಮತ್ತು ಹೆಪ್‌ಜಿ2-ಎನ್‌ಟಿಸಿಪಿ: ಎರಡನ್ನೂ ಸಾಕಿದ ಮೇಲೆ

ಹೆಪಟೈಟಿಸ್ ಬಿ ವೈರಸ್ಸಿನ ಮ್ಯುಟೇಶನ್ ನೋಡೋಕೆ ಯಾವ ಸೆಲ್ ಲೈನ್ (ಲ್ಯಾಬ್‌ನಲ್ಲಿ ಸಾಕುವ, ಒಂದೇ ಮೂಲದಿಂದ ಬಂದ ಸೆಲ್‌ಗಳು) ತರಿಸಬೇಕು ಅಂತ ಲ್ಯಾಬ್‌ಗೆ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ನನ್ನ ಓಟು ಹುಹ್-7ಗೆ. ಐದಕ್ಕೆ ನಾಲ್ಕು.

1982ರಲ್ಲಿ ಜಪಾನಿನ ರೋಗಿಯೊಬ್ಬರ ಲಿವರ್ ಗಡ್ಡೆಯಿಂದ ಬಂದ ಸೆಲ್‌ಗಳು ಇವು. ಗಟ್ಟಿ ಜೀವ, ಸಾಕೋದು ಸುಲಭ, ಪ್ಲಾಸ್ಮಿಡ್ (ಉಂಗುರದಂಥ ಸಣ್ಣ ಡಿಎನ್‌ಎ) ಕೊಟ್ಟರೆ ತಕರಾರಿಲ್ಲದೆ ಒಳಗೆ ಎಳೆದುಕೊಳ್ಳುತ್ತವೆ. ವೈರಸ್ಸಿನ ಜೀನೋಮ್ ಇರೋದೇ ಸುಮಾರು 3200 ಅಕ್ಷರ. ಅದನ್ನು 1.3 ಪಟ್ಟು ಉದ್ದವಾಗಿ ಪ್ಲಾಸ್ಮಿಡ್‌ಗೆ ಸೇರಿಸಿ, ವೈರಸ್ಸಿನ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಎಂಜೈಮಿನ 204ನೇ ಜಾಗದ ಅಮೈನೋ ಆಸಿಡ್ ಮೆಥಿಯೋನಿನ್ ತೆಗೆದು ವ್ಯಾಲಿನ್ ಹಾಕಿ, ಲ್ಯಾಮಿವುಡಿನ್ ಔಷಧಿ ಕೊಟ್ಟು ನೋಡಿ: ಸಾದಾ ವೈರಸ್ ಸೋಲುತ್ತದೆ, ಇದು ಬಗ್ಗುವುದಿಲ್ಲ. ನಾಲ್ಕೈದು ದಿನದ ಕೆಲಸ.

ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಪಿಸಿಆರ್‌ನಲ್ಲಿ ವೈರಸ್ ಡಿಎನ್‌ಎ ರಾಶಿ ರಾಶಿ ಬಂತು ಅಂತ ಎರಡು ವಾರ ಕುಣಿದೆ, ಆಮೇಲೆ ನೋಡಿದರೆ ಅದು ನಾನೇ ಹಾಕಿದ್ದ ಪ್ಲಾಸ್ಮಿಡ್! ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಡಿಎನ್‌ಎಯನ್ನು ಮಾತ್ರ ಕತ್ತರಿಸುವ ಡಿಪಿಎನ್-1 ಎಂಜೈಮ್ ಮೊದಲು ಹಾಕಿ, ಆಮೇಲೆ ಪಿಸಿಆರ್ ಮಾಡಿ.

ಇನ್ನೊಂದು, ಆಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ಎಲೈಸಾ ಕಿಟ್ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಸರ್ಫೇಸ್ ಪ್ರೋಟೀನಿನ 145ನೇ ಜಾಗದಲ್ಲಿ ಗ್ಲೈಸಿನ್ ಹೋಗಿ ಆರ್ಜಿನಿನ್ ಬಂದಾಗ, ಕಿಟ್‌ನ ಆಂಟಿಬಾಡಿ ಅದನ್ನು ಸರಿಯಾಗಿ ಹಿಡಿಯದೇ ಇರಬಹುದು. ಸೆಲ್ ಪ್ರೋಟೀನ್ ಮಾಡುತ್ತಲೇ ಇರುತ್ತದೆ, ರೀಡಿಂಗ್ ಮಾತ್ರ ಕಡಿಮೆ. ಲಸಿಕೆಯಿಂದ ತಪ್ಪಿಸಿಕೊಳ್ಳೋದು ಇದೇ ಮ್ಯುಟೇಶನ್ ಅಲ್ವಾ, ಕಿಟ್‌ನಿಂದಲೂ ತಪ್ಪಿಸಿಕೊಳ್ಳುತ್ತದೆ.

ಹುಹ್-7ಗೆ ವೈರಸ್ ತಾನಾಗಿ ಹೊಕ್ಕುವುದಿಲ್ಲ, ಬಾಗಿಲೇ ಇಲ್ಲ. ಆ ಬಾಗಿಲು ಎನ್‌ಟಿಸಿಪಿ ಅನ್ನೋ ಪ್ರೋಟೀನ್ ಅಂತ 2012ರಲ್ಲಿ ಬೀಜಿಂಗ್‌ನ ತಂಡ ತೋರಿಸಿತು. ಹೆಪ್‌ಜಿ2 ಅನ್ನೋ ಇನ್ನೊಂದು ಲಿವರ್ ಸೆಲ್ ಲೈನಿಗೆ ಅದನ್ನು ಕೂರಿಸಿದರೆ ಸಿಗೋದೇ ಹೆಪ್‌ಜಿ2-ಎನ್‌ಟಿಸಿಪಿ. ಮ್ಯುಟೇಶನ್ನಿಂದ ವೈರಸ್ ಒಳಗೆ ಹೋಗೋದು ಕೆಡುತ್ತದಾ ಅನ್ನೋದೇ ನಿಮ್ಮ ಪ್ರಶ್ನೆ ಆಗಿದ್ದರೆ ಇದು ಬೇಕೇ ಬೇಕು. ಆದರೆ ಸೋಂಕು ಹತ್ತೋಕೆ ನೆರವಾಗುವ ರಾಸಾಯನಿಕಗಳು ಬೇಕು (ಶೇ. 4 ಪಿಇಜಿ, ಜೊತೆಗೆ ಡಿಎಂಎಸ್‌ಒ), ಮತ್ತೆ ವೈರಸ್ ಸುರಿಯಬೇಕು, ಸುಮ್ನೆ ಹತ್ತಿಪ್ಪತ್ತು ಕಣ ಹಾಕಿದರೆ ಏನೂ ಆಗುವುದಿಲ್ಲ. ಆ ಮ್ಯುಟೆಂಟ್ ವೈರಸ್ ಬರೋದಾದರೂ ಎಲ್ಲಿಂದ? ಮತ್ತೆ ಟ್ರಾನ್ಸ್‌ಫೆಕ್ಷನ್ ಮಾಡಿದ (ಪ್ಲಾಸ್ಮಿಡ್ ಕೊಟ್ಟ) ಸೆಲ್‌ಗಳು ಬೆಳೆಯುವ ದ್ರವ, ಅಂದರೆ ಮೀಡಿಯಾದಿಂದಲೇ! ಇದಕ್ಕೆ ಮೂರು.

1987ರ ಹೆಪ್‌ಜಿ2.2.15 ಅನ್ನೋ ಸೆಲ್ ಲೈನ್ ಔಷಧಿ ಪರೀಕ್ಷೆಗೆ ಒಳ್ಳೆಯದು, ಈ ಕೆಲಸಕ್ಕಲ್ಲ, ವೈರಸ್ ಅದರ ಡಿಎನ್‌ಎಯೊಳಗೇ ಕೂತಿದೆ, ಬೇಕಾದ ಅಕ್ಷರ ಬದಲಿಸೋಕೆ ಆಗಲ್ಲ.

ಪಕ್ಕದ ಲ್ಯಾಬಿನವರು ಸೆಲ್‌ಗಳ ಪುಕ್ಕಟೆ ವಯಲ್ ಕೊಟ್ಟರೆ ಮೈಕೋಪ್ಲಾಸ್ಮಾ (ಸೆಲ್‌ಗಳಿಗೆ ಹತ್ತುವ ಸಣ್ಣ ಬ್ಯಾಕ್ಟೀರಿಯಾ) ಟೆಸ್ಟ್ ಆಗುವ ತನಕ ಬೇರೆ ಇನ್‌ಕ್ಯುಬೇಟರ್‌ನಲ್ಲಿ ಇಡಿ. ನನ್ನ ಮೂರು ತಿಂಗಳು ಹಾಗೇ ಹೋಗಿದ್ದು.