ಟೈರಿನ ಗಾಳಿ ನೋಡಲು ಯಾವ ಗೇಜು? ಕಡ್ಡಿ, ಮುಳ್ಳು, ಡಿಜಿಟಲ್: ಮೂರನ್ನೂ ಬಳಸಿ ಮಾಡಿದ ಹೋಲಿಕೆ

ಒಂದೇ ಟೈರಿಗೆ ಐದು ನಿಮಿಷದ ಅಂತರದಲ್ಲಿ ಎರಡು ಗೇಜುಗಳನ್ನು ಹಿಡಿದಾಗ ಒಂದು 30 ಎಂದೂ ಇನ್ನೊಂದು 34 ಎಂದೂ ತೋರಿಸಿದ ದಿನ ಈ ಹೋಲಿಕೆ ಆರಂಭವಾಯಿತು. ಎರಡೂ ಹೊಸವು, ಎರಡರ ಪೊಟ್ಟಣದ ಮೇಲೂ ನಿಖರತೆಯ ಭರವಸೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ನನ್ನ ಕಾರಿನ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯ ಪ್ರಕಾರ ನಾಲ್ಕೂ ಟೈರುಗಳಲ್ಲಿ 33 ಪಿಎಸ್‌ಐ (ಚದರ ಅಂಗುಲಕ್ಕೆ ಎಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಇರಬೇಕು. ಮೊದಲ ಗೇಜನ್ನು ನಂಬಿದರೆ ಗಾಳಿ ತುಂಬಬೇಕಿತ್ತು, ಎರಡನೆಯದನ್ನು ನಂಬಿದರೆ ತುಸು ಬಿಡಬೇಕಿತ್ತು. ಯಾವುದು ಸುಳ್ಳು ಹೇಳುತ್ತಿದೆಯೆಂದು ತಿಳಿಯುವ ಹಟದಿಂದ ಸುಮಾರು ಎರಡು ವರ್ಷ ಕಡ್ಡಿ ಗೇಜು, ಮುಳ್ಳಿನ ಗೇಜು ಮತ್ತು ಡಿಜಿಟಲ್ ಗೇಜು ಮೂರನ್ನೂ ಕಾರಿನಲ್ಲೇ ಇಟ್ಟುಕೊಂಡು, ಹದಿನೈದು ದಿನಕ್ಕೊಮ್ಮೆ ಅಳತೆ ನೋಡಿ ಬರೆದಿಟ್ಟಿದ್ದೇನೆ.

ಅಳೆದ ಕ್ರಮವನ್ನು ಮೊದಲು ಹೇಳಬೇಕು, ಏಕೆಂದರೆ ಆರಂಭದ ಕೆಲವು ವಾರಗಳ ನನ್ನ ಟಿಪ್ಪಣಿಗಳು ಕ್ರಮ ತಪ್ಪಿದ್ದರಿಂದಲೇ ವ್ಯರ್ಥವಾದವು. ಬೆಳಗ್ಗೆ ಒಂದು ಗೇಜಿನಿಂದ, ಮಧ್ಯಾಹ್ನ ಇನ್ನೊಂದರಿಂದ ಅಳೆದು, ಬಂದ ವ್ಯತ್ಯಾಸವನ್ನೆಲ್ಲ ಗೇಜಿನ ತಲೆಗೆ ಕಟ್ಟುತ್ತಿದ್ದೆ. ವಾಸ್ತವವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 33 ಪಿಎಸ್‌ಐ ಇರುವ ಟೈರು, ಯಾರೂ ಮುಟ್ಟದೆ, 32 ಡಿಗ್ರಿಯಲ್ಲಿ ಸುಮಾರು 35 ಆಗಿರುತ್ತದೆ. ಹೆಚ್ಚುಕಡಿಮೆ ಆರು ಡಿಗ್ರಿಗೆ ಒಂದು ಪಿಎಸ್‌ಐ ಲೆಕ್ಕ. ಕಾರಿನ ಒಂದು ಮಗ್ಗುಲಿಗೆ ಬಿಸಿಲು ಬಿದ್ದಿದ್ದರೆ ಎಡಗಡೆಯ ಟೈರು ಒಂದು, ಬಲಗಡೆಯದು ಇನ್ನೊಂದು ಎನ್ನುತ್ತದೆ. ಓಡಿಸಿಕೊಂಡು ಬಂದ ಮೇಲಂತೂ ಮೂರ್ನಾಲ್ಕು ಪಿಎಸ್‌ಐ ಏರಿರುವುದು ಸಾಮಾನ್ಯ. ಚೀಟಿಯಲ್ಲಿರುವ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಕನಿಷ್ಠ ಮೂರು ಗಂಟೆ ನಿಂತಿರುವ ಕಾರಿನದು. ಆದ್ದರಿಂದ ಮುಂದಿನ ಅಳತೆಗಳನ್ನೆಲ್ಲ ಬಿಸಿಲೇರುವ ಮುನ್ನ, ನೆರಳಿನಲ್ಲಿ ನಿಂತ ಕಾರಿನ ಮುಂದಿನ ಎಡ ಟೈರಿನಲ್ಲೇ ತೆಗೆದುಕೊಂಡೆ. ಆರು ತಿಂಗಳಿಗೊಮ್ಮೆ ಪರಿಚಿತ ಮೆಕ್ಯಾನಿಕ್ ಒಬ್ಬರಿಂದ, ಪ್ರಯೋಗಾಲಯದಲ್ಲಿ ತಾಳೆ ನೋಡಿಸಿ ಪ್ರಮಾಣಪತ್ರ ಪಡೆದ ಗೇಜೊಂದನ್ನು ಎರವಲು ತಂದು, ಟೈರಿನಲ್ಲಿ ಸರಿಯಾಗಿ 33 ಇಟ್ಟು, ಪ್ರತಿಯೊಂದು ಗೇಜನ್ನೂ ಹತ್ತು ಹತ್ತು ಸಲ ಒತ್ತಿ ನೋಡಿದೆ.

ಹತ್ತು ಸಲ ಏಕೆಂದರೆ, ಸರಿಯಾದ ಅಂಕಿ ಹೇಳುವುದು ಬೇರೆ, ಪ್ರತಿ ಸಲವೂ ಅದೇ ಅಂಕಿ ಹೇಳುವುದು ಬೇರೆ. ಸದಾ ಒಂದು ಪಿಎಸ್‌ಐ ಹೆಚ್ಚು ತೋರಿಸುವ ಗೇಜಿನೊಂದಿಗೆ ಬದುಕಬಹುದು, ಒಂದನ್ನು ಕಳೆದುಕೊಂಡರಾಯಿತು. ಇವತ್ತು ಒಂದು ಹೆಚ್ಚು, ನಾಳೆ ಎರಡು ಕಡಿಮೆ ತೋರಿಸುವ ಗೇಜಿನ ಸರಾಸರಿ ಎಷ್ಟೇ ಸರಿಯಿದ್ದರೂ ಅದರಿಂದ ಉಪಯೋಗವಿಲ್ಲ. ಕೊಳ್ಳುವವರು ಮೊದಲನೆಯ ಗುಣವನ್ನಷ್ಟೇ ವಿಚಾರಿಸುತ್ತಾರೆ, ಮಾರುವವರೂ ಅದನ್ನೇ ಹೇಳುತ್ತಾರೆ. ನಾನು ಎರಡನೆಯದಕ್ಕೆ ಹೆಚ್ಚು ತೂಕ ಕೊಟ್ಟಿದ್ದೇನೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಪೆನ್ನಿನಂತೆ ಜೇಬಿಗೆ ಸಿಕ್ಕಿಸಿಕೊಳ್ಳಬಹುದಾದ ಕಡ್ಡಿ ಗೇಜಿನ ಒಳಗೆ ಒಂದು ಸ್ಪ್ರಿಂಗು, ಒಂದು ಪಿಸ್ಟನ್ನು, ಗೆರೆ ಕೊರೆದ ಒಂದು ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ವಾಲ್ವಿಗೆ ಒತ್ತಿದಾಗ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಟ್ಟಿ ಹೊರಬರುತ್ತದೆ, ಎಷ್ಟು ಹೊರಬಂತೋ ಅಷ್ಟು ಒತ್ತಡ. ಬ್ಯಾಟರಿ ಬೇಡ, ಕೈಜಾರಿ ಬಿದ್ದರೂ ಚಿಂತೆಯಿಲ್ಲ, ಡ್ಯಾಷ್‌ಬೋರ್ಡಿನ ಖಾನೆಯ ಮೂಲೆಯಲ್ಲಿ ವರ್ಷಗಟ್ಟಲೆ ಮರೆತುಹೋಗಿದ್ದರೂ ತೆಗೆದ ಕೂಡಲೇ ಕೆಲಸ ಮಾಡುತ್ತದೆ. ಆದರೆ ನನ್ನ ಹತ್ತು ಅಳತೆಗಳಲ್ಲಿ ಇದು 31ರಿಂದ 35ರವರೆಗೆ ಎಲ್ಲ ಕಡೆ ಅಡ್ಡಾಡಿತು. ಸ್ವಲ್ಪ ಓರೆಯಾಗಿ ಹಿಡಿದರೆ ಗಾಳಿ ಸೋರಿ ಪಟ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ರಭಸದಿಂದ ಒತ್ತಿದರೆ ಪಟ್ಟಿ ಚಿಮ್ಮಿ ತುಸು ಮುಂದಕ್ಕೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಒಳಗೆ ಧೂಳು ಸೇರಿದ ಮೇಲೆ ಪಟ್ಟಿ ಹೊರಬರುವಾಗ ಕೈಗೆ ತಿಳಿಯುವಷ್ಟು ತಡವರಿಸತೊಡಗಿತು. ಗೆರೆಗಳು ಎರಡೆರಡು ಪಿಎಸ್‌ಐಗೆ ಒಂದರಂತೆ ಇದ್ದುದರಿಂದ ನಡುವಿನದನ್ನು ಅಂದಾಜಿನಲ್ಲೇ ಓದಬೇಕಿತ್ತು. ಆರಂಭದ ಜಗಳದಲ್ಲಿ 30 ಎಂದು ಹೇಳಿದ್ದು ಇದೇ ಗೇಜು.

ಮುಳ್ಳಿನ ಗೇಜಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕೊಳ್ಳುವಾಗ ಎಡವುವ ಸಾಧ್ಯತೆ ಹೆಚ್ಚಿರುವುದು ಇದರಲ್ಲೇ. ಇದರ ಹೃದಯ ಬೂರ್ಡನ್ ಕೊಳವೆ. ಫ್ರಾನ್ಸಿನ ಯುಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಚಪ್ಪಟೆಯಾದ ಬಾಗಿದ ಲೋಹದ ಕೊಳವೆಯೊಳಗೆ ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ನೋಡುತ್ತದೆ, ಆ ಸಣ್ಣ ಚಲನೆಯನ್ನು ಹಲ್ಲಿನ ಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಇಂಥ ಗೇಜಿನ ದೋಷವನ್ನು ಸಾಮಾನ್ಯವಾಗಿ ಅದು ಅಳೆಯಬಲ್ಲ ಗರಿಷ್ಠ ಒತ್ತಡದ ಶೇಕಡಾವಾರಿನಲ್ಲಿ ಹೇಳುತ್ತಾರೆ, ಓದಿದ ಅಂಕಿಯ ಶೇಕಡಾವಾರಿನಲ್ಲಿ ಅಲ್ಲ. ಹೀಗಾಗಿ ಶೇ. 2ರಷ್ಟು ದೋಷವೆಂದರೆ 60 ಪಿಎಸ್‌ಐವರೆಗಿನ ಗೇಜಿನಲ್ಲಿ 1.2, ನೂರರವರೆಗಿನದರಲ್ಲಿ 2, 160ರವರೆಗಿನದರಲ್ಲಿ 3.2 ಪಿಎಸ್‌ಐ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಬಿ40.100 ಮಾನದಂಡದ ಬಿ ದರ್ಜೆಯ ಗೇಜಿಗೆ ಅಳತೆಯ ಮಧ್ಯದ ಅರ್ಧಭಾಗದಲ್ಲಿ ಶೇ. 2, ಎರಡು ತುದಿಗಳಲ್ಲಿ ಶೇ. 3ರವರೆಗೆ ದೋಷಕ್ಕೆ ಅವಕಾಶವಿದೆ. ಎ ದರ್ಜೆಗೆ ಕ್ರಮವಾಗಿ ಶೇ. 1 ಮತ್ತು ಶೇ. 2. 60ರವರೆಗಿನ ಗೇಜಿನ ಮಧ್ಯಭಾಗವೆಂದರೆ 15ರಿಂದ 45, ಕಾರಿನ ಟೈರು ಬೇಡುವ ಒತ್ತಡವೂ ಅಲ್ಲೇ ಇದೆ. 160ರವರೆಗಿನ ಗೇಜಿನಲ್ಲಾದರೆ 33 ಎಂಬುದು ಕೆಳತುದಿಯ ಕಾಲುಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ.

ಕಣ್ಣಿಗೂ ಇದರಿಂದ ಅನುಕೂಲವಿದೆ. ನನ್ನ ಗೇಜಿನ ಮುಖದ ಮೇಲೆ ಮುಳ್ಳು ಸೊನ್ನೆಯಿಂದ ಕೊನೆಯವರೆಗೆ ಮುಕ್ಕಾಲು ಸುತ್ತು, ಅಂದರೆ 270 ಡಿಗ್ರಿ ತಿರುಗುತ್ತದೆ. ಅಷ್ಟರಲ್ಲಿ 60 ಪಿಎಸ್‌ಐ ಹರಡಿದರೆ ಒಂದೊಂದಕ್ಕೆ ನಾಲ್ಕೂವರೆ ಡಿಗ್ರಿ ಸಿಗುತ್ತದೆ; 20 ಮಿಲಿಮೀಟರ್ ಉದ್ದದ ಮುಳ್ಳಿನ ತುದಿಯಲ್ಲಿ ಅದು ಒಂದೂವರೆ ಮಿಲಿಮೀಟರ್, ಅರ್ಧ ಪಿಎಸ್‌ಐಯನ್ನು ಕನ್ನಡಕವಿಲ್ಲದೆ ಓದಬಹುದು. 160ನ್ನು ಅದೇ ಜಾಗದಲ್ಲಿ ತುರುಕಿದರೆ ಪಿಎಸ್‌ಐ ಒಂದಕ್ಕೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು ಉಳಿಯುತ್ತದೆ. ದೊಡ್ಡ ಅಂಕಿಯ ಗೇಜು ಹೆಚ್ಚು ಗಟ್ಟಿಯೆಂದು ನಂಬಿ ನಾನು ಮೊದಲು ತಂದದ್ದು ಅದನ್ನೇ, ಆರಂಭದ ದಿನ 34 ಎಂದದ್ದೂ ಅದೇ, ತಿಂಗಳೊಳಗೆ ಬದಲಿಸಿದೆ. ಆಮೇಲೆ ತಂದ 60ರ ಗೇಜು ಹತ್ತರಲ್ಲಿ ಒಂಬತ್ತು ಸಲ 33.5 ಎಂದಿತು, ಒಂದು ಸಲ 33. ಅರ್ಧ ಹೆಚ್ಚು ಹೇಳುವುದು ಇದರ ಸ್ವಭಾವವೆಂದು ತಿಳಿದ ಮೇಲೆ ಅದರ ಬೆನ್ನಿಗೆ ಒಂದು ಚೂರು ಟೇಪು ಅಂಟಿಸಿ ‘ಅರ್ಧ ಕಳೆ’ ಎಂದು ಬರೆದಿಟ್ಟೆ.

ಮುಳ್ಳಿನ ಗೇಜಿನ ದೊಡ್ಡ ದೌರ್ಬಲ್ಯ ಪೆಟ್ಟು. ಒಂದು ಬೆಳಗ್ಗೆ ಕೈಜಾರಿ ಸೊಂಟದೆತ್ತರದಿಂದ ಕಾಂಕ್ರೀಟಿನ ಮೇಲೆ ಬಿದ್ದಾಗ ಗಾಜು ಒಡೆಯಲಿಲ್ಲ, ಎತ್ತಿ ನೋಡಿದರೆ ಮುಳ್ಳು ಮಾತ್ರ ಸೊನ್ನೆಗೆ ಮರಳದೆ ಎರಡರ ಗೆರೆಯ ಮೇಲೆ ನಿಂತಿತ್ತು. ಹಾಗೆ ನಿಂತದ್ದೇ ಉಪಕಾರವಾಯಿತು, ಗೇಜು ಕೆಟ್ಟಿದೆಯೆಂದು ಗೊತ್ತಾಯಿತು. ಹಲವು ಗೇಜುಗಳಲ್ಲಿ ಸೊನ್ನೆಯ ಬಳಿ ಮುಳ್ಳನ್ನು ತಡೆಯುವ ಸಣ್ಣ ಮೊಳೆಯೊಂದಿರುತ್ತದೆ. ಮುಳ್ಳು ಕೆಳಮುಖವಾಗಿ ಜಾರಿದ್ದರೂ ಆ ಮೊಳೆಗೆ ಒರಗಿ, ಎಲ್ಲ ಸರಿಯಿದೆ ಎಂಬಂತೆ ತೋರುತ್ತದೆ. ಮೊಳೆಯಿಲ್ಲದ, ಮುಳ್ಳು ಸ್ವತಂತ್ರವಾಗಿ ಸೊನ್ನೆಗೆ ಬಂದು ನಿಲ್ಲುವ ಗೇಜನ್ನೇ ಎರಡನೆಯ ಸಲ ಹುಡುಕಿ ತಂದೆ. ಗ್ಲಿಸರಿನ್ ತುಂಬಿದ ಗೇಜುಗಳನ್ನು ವಿಶೇಷವೆಂದು ಮಾರುತ್ತಾರೆ. ಆ ದ್ರವದ ಕೆಲಸ ಮುಳ್ಳಿನ ನಡುಕವನ್ನು ತಗ್ಗಿಸುವುದು. ಸದಾ ಅದುರುವ ಯಂತ್ರಕ್ಕೆ ಅದು ಬೇಕು, ನಿಂತ ಕಾರಿನ ಟೈರಿನಲ್ಲಿ ಅದುರುವಂಥದ್ದು ಏನೂ ಇಲ್ಲ.

ಡಿಜಿಟಲ್ ಗೇಜಿನ ಬಗ್ಗೆ ನನಗಿದ್ದ ಪೂರ್ವಗ್ರಹವನ್ನು ಈ ಪರೀಕ್ಷೆ ಅರ್ಧ ಮುರಿಯಿತು, ಅರ್ಧ ಉಳಿಸಿತು. ಇದರಲ್ಲಿ ಒತ್ತಡಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸಣ್ಣದೊಂದು ಸಂವೇದಕವಿದೆ. ಮೂತಿ ಸರಿಯಾಗಿ ಕೂತಾಗ ಹತ್ತು ಅಳತೆಗಳೂ 32.9ರಿಂದ 33.3ರೊಳಗೇ ಇದ್ದವು, ಮೂರರಲ್ಲಿ ಇದೇ ಅತ್ಯಂತ ಹತ್ತಿರ. ಕತ್ತಲಲ್ಲಿ ಅಂಕಿ ಬೆಳಗುತ್ತದೆ, ಬಾರ್ ಬೇಕೆಂದರೆ ಬಾರ್, ಕಿಲೋಪ್ಯಾಸ್ಕಲ್ ಬೇಕೆಂದರೆ ಅದೂ ಸಿಗುತ್ತದೆ. ಒಂದು ಬಾರ್ ಎಂದರೆ 14.5 ಪಿಎಸ್‌ಐ ಎಂಬ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಆದರೆ ದಶಾಂಶ ಬಿಂದುವಿನ ಮುಂದೆ ಅಂಕಿ ಇದೆಯೆಂದ ಮಾತ್ರಕ್ಕೆ ಅದು ನಿಜವೆಂದು ಅರ್ಥವಲ್ಲ. ಒಂದು ಪಿಎಸ್‌ಐ ತಪ್ಪಿರುವ ಗೇಜು ಕೂಡ ಆ ತಪ್ಪನ್ನು ಎರಡು ದಶಾಂಶ ಸ್ಥಾನದವರೆಗೆ ಅಂದವಾಗಿ ತೋರಿಸಬಲ್ಲದು.

ಇನ್ನೂ ಎರಡು ಕಿರಿಕಿರಿಗಳಿವೆ. ಬಟನ್ ಒತ್ತಿದಾಗ ಸುತ್ತಲಿನ ವಾಯುಮಂಡಲದ ಒತ್ತಡವನ್ನೇ ನನ್ನ ಗೇಜು ಸೊನ್ನೆ ಎಂದು ಗುರುತು ಮಾಡಿಕೊಳ್ಳುತ್ತದೆ. ಅವಸರದಲ್ಲಿ ವಾಲ್ವಿಗೆ ಒತ್ತಿಹಿಡಿದು ಆಮೇಲೆ ಬಟನ್ ಒತ್ತಿದ ಒಂದು ಸಲ, ಗಾಳಿ ತುಂಬಿದ ಟೈರಿನ ಮೇಲೆ ಕೂತು ಸೊನ್ನೆ ಎಂದು ನಿರಾಳವಾಗಿ ಹೇಳಿತು. ಎರಡನೆಯದಾಗಿ, ಮೂತಿ ಅರೆಬರೆ ಕೂತಾಗ ಬಂದ ಅಂಕಿಯನ್ನೂ ಅದು ಹಿಡಿದಿಟ್ಟು ತೋರಿಸುತ್ತದೆ. 29.5 ಎಂದು ತೋರಿಸಿದಾಗ ಅದು ಟೈರಿನ ಮಾತೋ ಸೋರಿಕೆಯ ಮಾತೋ ಎಂದು ತಿಳಿಯುವ ದಾರಿಯಿಲ್ಲ. ಮುಳ್ಳಿನ ಗೇಜಿನಲ್ಲಾದರೆ ಮುಳ್ಳು ಏರುತ್ತ ಹೋಗಿ ನಿಲ್ಲುವುದನ್ನು ಕಣ್ಣಾರೆ ನೋಡುತ್ತೇವೆ. ಸೋರುತ್ತಿದ್ದರೆ ಅದು ತೂಗಾಡುತ್ತದೆ, ಕೈ ತಾನಾಗಿಯೇ ಮೂತಿಯನ್ನು ಸರಿಪಡಿಸುತ್ತದೆ. ಬ್ಯಾಟರಿಯ ವಿಷಯ ಎಲ್ಲರಿಗೂ ಗೊತ್ತಿರುವಂಥದ್ದೇ. ಎರಡು ವರ್ಷದಲ್ಲಿ ಒಮ್ಮೆ ಬದಲಿಸಿದೆ, ಅದೂ ದೂರ ಪ್ರಯಾಣಕ್ಕೆ ಹೊರಟ ಮುಂಜಾನೆಯೇ.

ಮೂರಕ್ಕೂ ಸಮಾನವಾದ, ಕೊಳ್ಳುವಾಗ ಯಾರೂ ನೋಡದ ಭಾಗವೆಂದರೆ ವಾಲ್ವಿನ ಮೇಲೆ ಕೂರುವ ಮೂತಿ. ಅದರೊಳಗೆ ಒಂದು ರಬ್ಬರ್ ವಾಷರ್ ಮತ್ತು ವಾಲ್ವಿನ ನಡುವಿನ ಕಡ್ಡಿಯನ್ನು ಒತ್ತುವ ಒಂದು ಮೊನೆ ಇರುತ್ತವೆ. ನನ್ನ ಮುಳ್ಳಿನ ಗೇಜು ವರ್ಷ ಕಳೆದ ಮೇಲೆ ದಿಢೀರನೆ ಒಂದು ಪಿಎಸ್‌ಐ ಕಡಿಮೆ ತೋರಿಸತೊಡಗಿದಾಗ ಕೊಳವೆಯೇ ಸವೆಯಿತೆಂದು ಭಾವಿಸಿದ್ದೆ. ಮೂತಿಯನ್ನು ಬಿಚ್ಚಿ ನೋಡಿದರೆ ವಾಷರ್ ಉಗುರಿನಂತೆ ಗಟ್ಟಿಯಾಗಿ, ಒಂದು ಅಂಚಿನಲ್ಲಿ ಸೀಳಿತ್ತು. ಅದನ್ನು ಬದಲಿಸಿದ ಕೂಡಲೇ ಗೇಜು ಮತ್ತೆ 33.5ಕ್ಕೆ ಬಂತು. ಉದ್ದನೆಯ ರಬ್ಬರ್ ಕೊಳವೆಯ ತುದಿಯಲ್ಲಿ ಮೂತಿ ಇರುವ ಗೇಜು ಪ್ರತಿ ಸಲ ಟೈರಿನ ಗಾಳಿ ಕುಡಿಯುತ್ತದೆ ಎಂಬ ದೂರನ್ನು ಕೇಳಿದ್ದೇನೆ. 30 ಸೆಂಟಿಮೀಟರ್ ಉದ್ದ, 5 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಹಿಡಿಯುವುದು ಆರು ಘನ ಸೆಂಟಿಮೀಟರ್. ಟೈರಿನೊಳಗೆ ಸುಮಾರು 30 ಲೀಟರ್ ಜಾಗವಿದ್ದರೆ ಆಗುವ ನಷ್ಟ ಒಂದು ಪಿಎಸ್‌ಐಯ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಡ್ಡಿ ಗೇಜನ್ನು ಓರೆಯಾಗಿ ಒತ್ತಿ ಒಂದು ಸಲ ಬುಸ್ಸೆನಿಸಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪಿನಲ್ಲೇ ಗೇಜು ಇರುವಾಗ ಬೇರೆಯದು ಏಕೆ ಎಂದು ಕೇಳುವವರಿದ್ದಾರೆ. ನನ್ನ ಪಂಪು 33ಕ್ಕೆ ತಾನಾಗಿಯೇ ನಿಂತ ಮೇಲೆ ಅಳೆದರೆ ಟೈರಿನಲ್ಲಿ 32 ಇರುತ್ತದೆ. ಗಾಳಿ ಹರಿಯುತ್ತಿರುವಾಗ ಪಂಪಿನ ಗೇಜು ತೋರಿಸುವುದು ಕೊಳವೆಯ ಒತ್ತಡವನ್ನು, ಟೈರಿನದನ್ನಲ್ಲ. ಡ್ಯಾಷ್‌ಬೋರ್ಡಿನಲ್ಲಿ ಬೆಳಗುವ ಎಚ್ಚರಿಕೆಯ ದೀಪವೂ ಇದಕ್ಕೆ ಬದಲಿಯಲ್ಲ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 138 ನಿಯಮ ಕೇಳುವುದು ನಿಗದಿತ ಒತ್ತಡಕ್ಕಿಂತ ಶೇ. 25 ಇಳಿದಾಗ ಹೊತ್ತಿಕೊಳ್ಳುವ ದೀಪವನ್ನು. 33ರ ಟೈರಿಗೆ ಅದು 25ರ ಆಸುಪಾಸು.

ಈಗ ನನ್ನ ಕಾರಿನಲ್ಲಿ ಎರಡು ಗೇಜುಗಳಿವೆ. ಹದಿನೈದು ದಿನಕ್ಕೊಮ್ಮೆಯ ಕೆಲಸಕ್ಕೆ 60ರ ಮುಳ್ಳಿನ ಗೇಜು; ಅದರಲ್ಲಿ ಗಾಳಿ ಬಿಡುವ ಗುಂಡಿಯೂ ಇರುವುದರಿಂದ ಎರಡು ಪಿಎಸ್‌ಐ ಹೆಚ್ಚು ತುಂಬಿಸಿ, ಮುಳ್ಳು ನೋಡುತ್ತಲೇ ಇಳಿಸಿಕೊಳ್ಳುತ್ತೇನೆ. ಒಂದೇ ಗೇಜು ಕೊಳ್ಳುವವರಿಗೂ ನಾನು ಹೇಳುವುದು ಇದನ್ನೇ. ಕೈಯಿಂದ ವಸ್ತು ಬೀಳಿಸುವ ಅಭ್ಯಾಸವಿದ್ದವರು ಮಾತ್ರ ಡಿಜಿಟಲ್ ಕೊಂಡು, ಪ್ರತಿ ಟೈರಿಗೆ ಎರಡೆರಡು ಸಲ ಒತ್ತಿ, ಎರಡೂ ಸಲ ಒಂದೇ ಅಂಕಿ ಬಂದರಷ್ಟೇ ನಂಬುವುದು ಒಳ್ಳೆಯದು. ನನ್ನ ಡಿಜಿಟಲ್ ಗೇಜು ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲೇ ಇರುತ್ತದೆ. ನನ್ನದು ತಾತ್ಕಾಲಿಕ ಬಳಕೆಯ ಕಿರಿದಾದ ಸ್ಟೆಪ್ನಿ, ಅದಕ್ಕೆ ಬೇಕಾದದ್ದು 60 ಪಿಎಸ್‌ಐ, ಅಷ್ಟಕ್ಕೆ ಮುಳ್ಳಿನ ಗೇಜಿನ ಅಳತೆಯೇ ಮುಗಿದುಹೋಗುತ್ತದೆ. ಕಳೆದ ಸಲ ಮುಚ್ಚಳ ತೆಗೆದು ನೋಡಿದಾಗ ಅದರಲ್ಲಿ 41 ಇತ್ತು.