ಟ್ರೇಲರ್‌ಗೆ 7 ಪಿನ್ನೋ, 13 ಪಿನ್ನೋ, ಅಡಾಪ್ಟರೋ?

ಸಾಮಾನು ಸಾಗಿಸುವ ಸಣ್ಣ ಟ್ರೇಲರ್ ಮಾತ್ರ ಎಳೆಯುವವರಿಗೆ, ಟ್ರೇಲರ್‌ನ ದೀಪಗಳನ್ನು ವಾಹನದ ವಿದ್ಯುತ್ತಿಗೆ ಜೋಡಿಸಲು 12 ವೋಲ್ಟ್‌ನ 7 ಪಿನ್ ಪ್ಲಗ್ ಸಾಕು. ಇಂಡಿಕೇಟರ್, ಬ್ರೇಕ್ ದೀಪ, ಹಿಂದೀಪ, ಮಂಜುದೀಪಗಳಿಗೆ ಅದರಲ್ಲಿ ತಂತಿಗಳಿವೆ, ಬೆಲೆಯೂ ಕಡಿಮೆ, ತಂತಿ ಕಿತ್ತರೆ ಸ್ಕ್ರೂಡ್ರೈವರ್ ಹಿಡಿದು ನಾವೇ ಜೋಡಿಸಿಕೊಳ್ಳಬಹುದು. ಆದರೆ ರಿವರ್ಸ್ ದೀಪ, ಕ್ಯಾರವಾನ್‌ನ (ಒಳಗೆ ವಾಸಿಸಬಹುದಾದ ಟ್ರೇಲರ್) ಬ್ಯಾಟರಿ ಚಾರ್ಜಿಂಗ್, ಫ್ರಿಜ್ ಇವೆಲ್ಲ ಒಂದೇ ಪ್ಲಗ್ಗಿನಲ್ಲಿ ಬೇಕಿದ್ದರೆ 13 ಪಿನ್ನಿನದೇ ಸರಿ.

ಬಾಳಿಕೆಯಲ್ಲಿ ನನ್ನ ಒಲವು 13 ಪಿನ್ನಿನ ಕಡೆಗೆ, ಏಕೆಂದರೆ ಒತ್ತಿ ತಿರುಗಿಸಿದಾಗ ಅದು ಬಿಗಿಯಾಗಿ ಕೂತು, ನೀರು ಮತ್ತು ಧೂಳನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಅದರ ಸಣ್ಣ ಪಿನ್ನುಗಳಿಗೆ ತಂತಿ ಕೂರಿಸುವುದು ಮಾತ್ರ ತಾಳ್ಮೆ ಬೇಡುವ ಕೆಲಸ.

ವಾಹನದ್ದು 13 ಪಿನ್ನಿನ ಸಾಕೆಟ್, ಟ್ರೇಲರ್‌ನದು 7 ಪಿನ್ನಿನ ಪ್ಲಗ್ ಆಗಿದ್ದರೆ ಅವೆರಡನ್ನೂ ನಡುವೆ ಕೂಡಿಸುವ ಅಡಾಪ್ಟರ್ ಅಗ್ಗದ ದಾರಿ. ಇದು ತಿರುಗುಮುರುಗಾಗಿದ್ದರೂ ಅಡಾಪ್ಟರ್ ಸಿಗುತ್ತದೆ, ಆದರೆ ಟ್ರೇಲರ್‌ನ ಇಂಡಿಕೇಟರ್, ಬ್ರೇಕ್ ದೀಪದಂಥ 7 ಪಿನ್ನಿನ ದೀಪಗಳಷ್ಟೇ ಉರಿಯುತ್ತವೆ. ವಾಹನದಲ್ಲಿ ಇಲ್ಲದ ತಂತಿಯನ್ನು ಅಡಾಪ್ಟರ್ ಹುಟ್ಟಿಸಲಾರದು. ಎಳೆಯುವುದು ಮುಗಿದೊಡನೆ ಅದನ್ನು ಬಿಚ್ಚಿಡಿ: ಹಾಗೇ ಬಿಟ್ಟರೆ ಒಳಗೆ ತೇವ ಕೂತು ಪಿನ್ನಿನ ಮೇಲೆ ಹಸಿರು ಕಿಲುಬು ಹತ್ತಿ, ಇಂಡಿಕೇಟರ್ ಹಾಕಿದಾಗ ಬೇರೆ ದೀಪಗಳು ಮಿಣುಕತೊಡಗುತ್ತವೆ. ಹಲವು ಟ್ರೇಲರ್‌ಗಳನ್ನು ಬದಲಿಸಿ ಎಳೆಯುವವರಿಗೆ ಅಡಾಪ್ಟರ್ ಅನುಕೂಲ; ಒಂದನ್ನೇ ವರ್ಷಗಟ್ಟಲೆ ಎಳೆಯುವವರು ಪ್ಲಗ್ಗನ್ನೇ ಬದಲಿಸುವುದು ಲೇಸು.