ಕೋವಿ ಪರವಾನಗಿಗೆ ನೆರೆಹೊರೆಯ ವಿಚಾರಣೆ: ಒಂದೇ ಸೇವೆ, ಎರಡು ಬಗೆ

ಕೊಡಗಿನವರಿಗೆ ಕೋವಿಗೆ ಪರವಾನಗಿಯೇ ಬೇಡವಲ್ಲ ಎಂದು ಹೊರಗಿನ ನೆಂಟರು ಕೇಳುವುದುಂಟು. ಅದು ಅರ್ಧ ಮಾತ್ರ ನಿಜ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ಪಾರಂಪರಿಕ ಜಮ್ಮಾ ಭೂಮಿ ಉಳ್ಳವರಿಗೆ) ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಈ ಎರಡೂ ವರ್ಗಕ್ಕೆ ಸೇರದ ನನ್ನಂಥವರು ಮಾತ್ರ ರಾಜ್ಯದ ಬೇರೆಲ್ಲರಂತೆ ಅರ್ಜಿ ಹಾಕಿ, ಪೊಲೀಸ್ ವಿಚಾರಣೆಗೆ ಒಳಪಟ್ಟು, ಜಿಲ್ಲಾಡಳಿತದ ಆದೇಶಕ್ಕಾಗಿ ಕಾಯಬೇಕು. ಸೋಮವಾರಪೇಟೆ ತಾಲ್ಲೂಕಿನಲ್ಲಿ ಕಾಡಂಚಿಗೆ ತಾಗಿಕೊಂಡ ಕಾಫಿ ತೋಟದಲ್ಲಿ, ಪಕ್ಕದ ಮನೆಯ ದೀಪವೂ ಕಾಣದ ಜಾಗದಲ್ಲಿ ವಾಸವಿರುವ ನಾನು ಒಂಟಿ ನಳಿಗೆಯ ಕೋವಿಗಾಗಿ ಹಾಗೆ ಅರ್ಜಿ ಹಾಕಿದವನು. ಇಡೀ ಪ್ರಕ್ರಿಯೆಯಲ್ಲಿ ಅರ್ಜಿದಾರನ ನಡತೆಯ ಬಗ್ಗೆ ಪರಿಚಿತರನ್ನು ಕೇಳುವ ಹಂತವೊಂದನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ಉಳಿದ ಹಂತಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅರ್ಜಿ ನಮೂನೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಕೋವಿಯನ್ನು ಸುರಕ್ಷಿತವಾಗಿ ಇಡುವುದಾಗಿ ಮುಚ್ಚಳಿಕೆ, ಇವೆಲ್ಲ ತಾಳ್ಮೆಯಿದ್ದವರಿಗೆ ಕಷ್ಟವಲ್ಲ.

ಕಡತ ಠಾಣೆಗೆ ಬಂದ ಮೇಲೆ ನಮ್ಮ ಬೀಟ್ ನೋಡಿಕೊಳ್ಳುವ ಸಿಬ್ಬಂದಿ ಫೋನ್ ಮಾಡಿ, "ಸರ್, ನಿಮಗೆ ಗೊತ್ತಿರುವ ಇಬ್ಬರನ್ನು ಆಧಾರ್ ಸಮೇತ ಕರೆದುಕೊಂಡು ಬನ್ನಿ" ಎಂದರು. ಊರಿನ ಅಂಗಡಿಯವರನ್ನೂ ಪಕ್ಕದ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದೆ. (ನಮ್ಮ ಕಡೆ ತೋಟಕ್ಕೂ ಒಬ್ಬ ರೈಟರ್, ಠಾಣೆಗೂ ಒಬ್ಬ ರೈಟರ್, ಅಂದು ಇಬ್ಬರೂ ಎದುರುಬದುರು ಕುಳಿತಿದ್ದರು.) ಹೇಳಿಕೆ ಅದಾಗಲೇ ಟೈಪ್ ಆಗಿತ್ತು. "ಸದರಿಯವರು ನನಗೆ ಸುಮಾರು 15 ವರ್ಷಗಳಿಂದ ಪರಿಚಿತರಾಗಿದ್ದು, ಯಾವುದೇ ದುಶ್ಚಟಗಳಿಗೆ ಒಳಗಾಗಿರುವುದಿಲ್ಲ, ಗ್ರಾಮದಲ್ಲಿ ಯಾರೊಂದಿಗೂ ವೈಮನಸ್ಯ ಹೊಂದಿರುವುದಿಲ್ಲ" ಎಂಬ ಸಾಲುಗಳು ಎರಡು ಹಾಳೆಯಲ್ಲೂ ಅಕ್ಷರ ಬದಲಾಗದೆ ಇದ್ದವು. ಹೆಸರು ಮತ್ತು ವಯಸ್ಸಿಗೆ ಬಿಟ್ಟಿದ್ದ ಖಾಲಿ ಜಾಗವನ್ನು ಮಾತ್ರ ಪೆನ್ನಿನಲ್ಲಿ ತುಂಬಿದರು. ತೋಟದ ರೈಟರು ನಮ್ಮ ಊರಿಗೆ ಬಂದೇ ನಾಲ್ಕು ವರ್ಷ. ಅವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ, ಅವರು ಸಹಿ ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೆಲಸ ಬೇಗ ಮುಗಿಯಿತೆಂದು ಆಗ ಸಂತೋಷಪಟ್ಟೆನೆಂಬುದನ್ನು ಮುಚ್ಚಿಡುವುದಿಲ್ಲ.

ಶಸ್ತ್ರಾಸ್ತ್ರ ಅಧಿನಿಯಮ, 1959ರ 13ನೇ ಕಲಂ ಪ್ರಕಾರ ಪರವಾನಗಿ ಪ್ರಾಧಿಕಾರವು ಹತ್ತಿರದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು. 2016ರ ನಿಯಮಗಳು ಆ ವರದಿಗೆ 30 ದಿನಗಳ ಗಡುವು ಕೊಟ್ಟಿವೆ. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಬಾರದೆಂದು 14ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅರ್ಜಿದಾರ ಸ್ವಸ್ಥಚಿತ್ತನಲ್ಲದಿದ್ದರೆ, ಅಥವಾ ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಗೆ ಧಕ್ಕೆಯೆಂದು ಕಂಡರೆ ತಿರಸ್ಕರಿಸಲೇಬೇಕು. ಎಂದ ಮೇಲೆ ಪಹಣಿಯಲ್ಲಿ ಕಾಣದ ಸಂಗತಿಯೇ ಮುಖ್ಯ: ಈ ಮನುಷ್ಯನಿಗೆ ಸಿಟ್ಟು ಬಂದರೆ ಏನು ಮಾಡುತ್ತಾನೆ? ಅದನ್ನು ಹೇಳಬಲ್ಲವರು ನೆರೆಯವರು ಮತ್ತು ಮನೆಯವರು. ಬ್ರಿಟನ್ನಿನಲ್ಲಿ ಬಂದೂಕಿನ ಪ್ರಮಾಣಪತ್ರ ಬೇಕೆಂದರೆ ತನ್ನನ್ನು ಕನಿಷ್ಠ 2 ವರ್ಷ ಬಲ್ಲ, ಕುಟುಂಬದವರಲ್ಲದ ಇಬ್ಬರನ್ನು ಅರ್ಜಿದಾರನೇ ಹೆಸರಿಸಬೇಕು. ಅಲ್ಲಿ ಅದು ಬರೆದಿಟ್ಟ ನಿಯಮ. ನಮ್ಮಲ್ಲಿ ಯಾರನ್ನು ಕೇಳಬೇಕೆಂಬುದು ವಿಚಾರಣೆ ಮಾಡುವವರ ವಿವೇಚನೆಗೆ ಬಿಟ್ಟದ್ದು, ಅದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಆ ವಿವೇಚನೆಯನ್ನು ನನ್ನ ಕೈಗೇ ಕೊಟ್ಟು "ನೀವೇ ಇಬ್ಬರನ್ನು ತನ್ನಿ" ಎಂದರೆ ವಿಚಾರಣೆಯಲ್ಲಿ ಉಳಿಯುವುದು ಕಾಗದ ಮಾತ್ರ.

ಮೇಲಿನ ಅಧಿಕಾರಿಯೊಬ್ಬರಿಗೂ ಹಾಗೆಯೇ ಅನ್ನಿಸಿರಬೇಕು. ಮರುವಿಚಾರಣೆ ಮಾಡಿರೆಂಬ ಷರಾದೊಂದಿಗೆ ಕಡತ ಠಾಣೆಗೆ ವಾಪಸಾಯಿತು. ಈ ಸಲ ಫೋನೂ ಇಲ್ಲದೆ, ಮೆಣಸು ಒಣಹಾಕಿದ್ದ ಕಣದ ಅಂಚಿಗೆ ಬೈಕ್ ನಿಲ್ಲಿಸಿ ಒಬ್ಬ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಬಂದರು. ನನ್ನೊಡನೆ ಎರಡು ಮಾತಾಡಿ, "ನೀವು ಇಲ್ಲೇ ಇರಿ" ಎಂದು ಹೇಳಿ ನೇರ ಕೂಲಿಯವರ ಲೈನ್ ಮನೆಗಳ ಕಡೆ ನಡೆದರು. ಕೂಲಿಯ ಲೆಕ್ಕದಲ್ಲಿ ಜಗಳವಾದಾಗ ನಾನು ಹೇಗೆ ಮಾತಾಡುತ್ತೇನೆಂದು ಅಲ್ಲಿನ ಹೆಂಗಸರನ್ನು ಕೇಳಿದರಂತೆ. ಅಲ್ಲಿಂದ ಬೇಲಿ ದಾಟಿ ಪಕ್ಕದ ತೋಟದ ಹಿರಿಯರ ಮನೆಗೆ ಹೋದರು. ಅವರಿಗೂ ನನಗೂ ಗಡಿಯ ಒಂದು ಸಿಲ್ವರ್ ಮರದ ವಿಷಯದಲ್ಲಿ ಮೂರು ವರ್ಷದಿಂದ ಮಾತಿಲ್ಲ. "ಯಾರೊಂದಿಗೂ ವೈಮನಸ್ಯ ಹೊಂದಿರುವುದಿಲ್ಲ" ಎಂಬ ಮೊದಲ ಹೇಳಿಕೆ ನೆನಪಾಗಿ ಎದೆ ಹೊಡೆದುಕೊಂಡಿತು. ಆ ಹಿರಿಯರು ಬರೆಸಿದ್ದನ್ನು ಎಎಸ್‌ಐ ಆಮೇಲೆ ನನಗೆ ಓದಿ ಹೇಳಿದರು: "ಮರದ ವಿಷಯದಲ್ಲಿ ತಕರಾರು ಇದೆ, ಅದು ತೀರಿಲ್ಲ. ಬಾಯಿ ಜೋರು. ಕೈ ಎತ್ತಿದ್ದನ್ನು ನಾನು ಕಂಡಿಲ್ಲ." ನನ್ನ ಪರವಾಗಿ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯವನ್ನು ನಾನೇ ಹುಡುಕಿದ್ದರೂ ತರಲಾಗುತ್ತಿರಲಿಲ್ಲ.

ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿಯನ್ನು, ನಾನು ಎದುರಿಗಿಲ್ಲದಂತೆ ನೋಡಿಕೊಂಡು, "ಎಷ್ಟು ಕುಡಿಯುತ್ತಾರಮ್ಮ?" ಎಂದು ಕೇಳಿದರು. ಭಾನುವಾರ ಎರಡು ಪೆಗ್ಗು, ಆ ದಿನ ಕೋವಿ ಇಡುವ ಕಪಾಟಿನ ಬಳಿಯೇ ಹೋಗಕೂಡದೆಂದು ಬರೆದುಕೊಳ್ಳಿ ಎಂದಳಂತೆ. "ಅದಕ್ಕೆ ಈ ಫಾರಂನಲ್ಲಿ ಜಾಗ ಇಲ್ಲಮ್ಮ" ಎಂದು ಅವರು ನಕ್ಕರಂತೆ. ನನಗೆ ನಗು ಬರಲಿಲ್ಲ, ಜಾಗ ಇರಬೇಕಿತ್ತು. ಮನೆಯೊಳಗಿನ ಜಗಳಕ್ಕೆ ಕೋವಿ ಎದ್ದುಬರುವ ಭಯ ಮೊದಲು ತಿಳಿಯುವುದು ಮನೆಯವರಿಗೇ ಆದ್ದರಿಂದ, ಅವರ ಮಾತು ಎಎಸ್‌ಐಯ ಒಳ್ಳೆಯತನವನ್ನು ನೆಚ್ಚಿಕೊಂಡಿರದೆ ನಮೂನೆಯಲ್ಲೇ ಒಂದು ಕಡ್ಡಾಯದ ಅಂಕಣವಾಗಬೇಕು.

ಕೊರತೆಗಳು ಇನ್ನೂ ಇವೆ. ಕಡತ ಯಾವ ಮೇಜಿನಲ್ಲಿದೆ ಎಂದು ತಿಳಿಯಲು ಮೂರು ಸಲ ಮಡಿಕೇರಿಗೆ ಬಸ್ ಹತ್ತಬೇಕಾಯಿತು. ಮರುವಿಚಾರಣೆ ಏಕೆಂದು ಯಾರೂ ಲಿಖಿತವಾಗಿ ತಿಳಿಸಲಿಲ್ಲ. ಪರವಾನಗಿ ಸಿಕ್ಕರೆ ಹಂದಿ ಹೊಡೆಯಬಹುದೆಂದು ನನ್ನೊಡನೆ ಸಾಲಿನಲ್ಲಿದ್ದ ಇಬ್ಬರು ನಂಬಿಕೊಂಡಿದ್ದರು. ಕೋವಿಯ ಪರವಾನಗಿ ಬೇಟೆಯ ಅನುಮತಿಯಲ್ಲ, 1972ರ ವನ್ಯಜೀವಿ ಕಾಯ್ದೆಯ ನಿರ್ಬಂಧ ಹಾಗೆಯೇ ಉಳಿಯುತ್ತದೆ ಎಂಬ ಒಂದು ಸಾಲನ್ನು ವಿಚಾರಣೆಗೆ ಬಂದವರು ಹೇಳಿಹೋದರೆ ಎಷ್ಟೋ ಜನ ಮೊಕದ್ದಮೆಯಿಂದ ಪಾರಾಗುತ್ತಾರೆ.

ಐದರಲ್ಲಿ ಅಂಕ ಕೊಡುವುದಾದರೆ ಮೊದಲ ವಿಚಾರಣೆಗೆ ಒಂದು, ಎರಡನೆಯದಕ್ಕೆ ನಾಲ್ಕೂವರೆ. ಅರ್ಜಿ ಹಾಕುವವರು ಮೊದಲೇ ನೆರೆಯವರಿಗೆ ವಿಷಯ ತಿಳಿಸಿಡಿ, ಆದರೆ ಏನು ಹೇಳಬೇಕೆಂದು ಕಲಿಸಬೇಡಿ. ತಕರಾರಿದ್ದರೆ ಅಧಿಕಾರಿಗೆ ನೀವೇ ಮುಂಚಿತವಾಗಿ ಹೇಳಿಬಿಡಿ.

ನನ್ನ ಪರವಾನಗಿ ಬಂದಿದೆ. 2019ರ ತಿದ್ದುಪಡಿಯಂತೆ ಅವಧಿ 5 ವರ್ಷ. 15 ವರ್ಷದ ಪರಿಚಯವೆಂದು ಸಹಿ ಹಾಕಿದ ರೈಟರು ಕಳೆದ ತಿಂಗಳು ಕೆಲಸ ಬಿಟ್ಟು ಚಿಕ್ಕಮಗಳೂರಿನ ಕಡೆಯ ತೋಟಕ್ಕೆ ಹೋದರು. ಅವರ ಹೇಳಿಕೆ ಮಾತ್ರ ಎಎಸ್‌ಐ ಬರೆದುಕೊಂಡ ಹಾಳೆಗಳ ಕೆಳಗೆ, ಅದೇ ಕಡತದಲ್ಲಿದೆ.